ಮಗಳಿಗೊಂದು ಪತ್ರ: ಇಬ್ಬನಿಯ ಜೊತೆಗೆ ಇನ್ನೊಂದು ಹೆಸರು

ಕೊಪ್ಪ

ಪ್ರೀತಿಯ ಪುಟ್ಟಿ,

ಹುಟ್ಟಲಿರೋ ಮಗಳಿಗೆ ನೀನು ಆರಿಸಿದ ಇಬ್ಬನಿ ಅನ್ನೋ ಹೆಸರು ನನಗೆ ತುಂಬಾ ಇಷ್ಟವಾಯಿತು. ನಿಮ್ಮಪ್ಪ ಮಾತ್ರ ಫೋನ್ ಇಟ್ಟ ಕೂಡಲೇ "ಬಿಸಿಲು ಬಿದ್ದರೆ ಆರಿಹೋಗೋದು ಹೆಸರಾ?" ಅಂದರು. ನೀನು ತಲೆ ಕೆಡಿಸಿಕೊಳ್ಳಬೇಡ. ಒಣ ಹಾಕಿದ ಅಡಿಕೆಗೆ ಇಬ್ಬನಿ ಬೀಳದ ಹಾಗೆ ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸುವವರು ಅವರೇ ಅಲ್ವಾ, ಆ ಸಿಟ್ಟು ಇಲ್ಲಿ ಬಂತು. ಡಿಸೆಂಬರಿನ ಬೆಳಗ್ಗೆ ತೋಟಕ್ಕೆ ಹೋದರೆ ನನ್ನ ಸೀರೆ ಮೊಣಕಾಲವರೆಗೂ ಒದ್ದೆ. ಕಾಫಿ ಗಿಡದಿಂದ ಗಿಡಕ್ಕೆ ಕಟ್ಟಿದ ಜೇಡರ ಬಲೆ ಆಗ ಮಾತ್ರ ಕಣ್ಣಿಗೆ ಬೀಳುತ್ತದೆ, ಎಳೆ ಎಳೆಗೂ ಹನಿ. ಹೆಸರು ಇಡಬಹುದಾದದ್ದೇ.

ಇನ್ನು ಮಧ್ಯದ ಹೆಸರು. ಅಮೆರಿಕದ ಫಾರ್ಮಿನಲ್ಲಿ ಮೂರು ಖಾನೆ, ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ತುಂಬಿಕೊಡಿ ಅಂತಾರೆ ಅಂದೆ. ಇಲ್ಲಾದರೆ 21 ದಿನದೊಳಗೆ ಜನನ ನೋಂದಣಿ ಮಾಡಿಸಿ, ಹೆಸರನ್ನು ಒಂದು ವರ್ಷದೊಳಗೆ ದುಡ್ಡಿಲ್ಲದೆ ಸೇರಿಸಬಹುದು. ಜಗಳ ಆಡೋಕೆ ಪುರುಸೊತ್ತು ಇರುತ್ತದೆ.

ಮಗುವಿಗೆ ಎರಡು ಹೆಸರು ಅನ್ನೋದು ನಮಗೇನೂ ಹೊಸದಲ್ಲ. ನಾಮಕರಣದ ದಿನ ಅಕ್ಕಿ ಹರವಿ ಉಂಗುರದಲ್ಲಿ ಬರೆಯುವಾಗ ನಕ್ಷತ್ರದ್ದೊಂದು, ದೇವರದ್ದೊಂದು, ಕರೆಯೋಕೊಂದು ಅಂತ ಬರೆಯುತ್ತೇವೆ. ನಿನಗೂ ನಿಮ್ಮಪ್ಪನ ತಾಯಿಯ ಹೆಸರು ಇಟ್ಟಿತ್ತು. ಅತ್ತೆಯ ಹೆಸರು ಹಿಡಿದು ನಾನು ನಿನ್ನನ್ನು ಬೈಯೋದು ಹೇಗೆ? ನೀನು ಪುಟ್ಟಿ ಆಗಿದ್ದು ಹಾಗೆ.

ನೀನು ಕಳಿಸಿದ ಪಟ್ಟಿಯನ್ನು ಹಿತ್ತಲಲ್ಲಿ ನಿಂತು ಜೋರಾಗಿ ಕೂಗಿ ನೋಡಿದೆ. ಕೆಲಸದವರು ನಕ್ಕರು, ನಗಲಿ ಬಿಡು. ಕರೆಯೋ ಹೆಸರನ್ನು ಕರೆದೇ ನೋಡಬೇಕು. ಇಬ್ಬನಿ ವರ್ಷಾ, ಇಬ್ಬನಿ ಹಿಮಾ ಎರಡೂ ಹವಾಮಾನ ವರದಿಯಾದವು. ಇಬ್ಬನಿ ಉಷಾ ಕಾಗದದ ಮೇಲೆ ಚೆಂದ, ಬಾಯಲ್ಲಿ 'ಇಬ್ಬನ್ಯುಷಾ' ಆಗಿ ಸಂಧಿ ಪಾಠವಾಗುತ್ತದೆ. ಭದ್ರಾ ಅಂದರೆ ಒತ್ತಿನ ಮೇಲೆ ಒತ್ತು, ನಾಲಿಗೆ ಎಡವುತ್ತದೆ. ಲತಾ ಇಡಬಹುದಿತ್ತು. ಆದರೆ ಕೊನೆಗೆ ಬರೋ ಅಳಿಯಂದಿರ ಹೆಸರೂ ಎಲ್‌ನಿಂದಲೇ ಶುರು. ಮೂರೂ ಮೊದಲಕ್ಷರ ಇಂಗ್ಲಿಷಿನಲ್ಲಿ ಜೋಡಿಸು: ಐ, ಎಲ್, ಎಲ್. ಸ್ಕೂಲ್ ಬ್ಯಾಗಿನ ಮೇಲೆ ಕಾಯಿಲೆ ಅಂತ ಬರೆಸಿಕೊಂಡು ಹೋಗಬೇಕಾ ಕೂಸು?

ಕುವೆಂಪು ತಮ್ಮ ಗಂಡುಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ ಅಂತ ಇಟ್ಟರು. ಚಂದ್ರ, ಕೋಗಿಲೆ, ಚೈತ್ರ ಎಲ್ಲ ಬಂತು ನೋಡು. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿ ಇದ್ದವರನ್ನು ಜನ ಕರೆದದ್ದು ಮಾತ್ರ ಎರಡನೇ ಹೆಸರಿನಿಂದ, ತೇಜಸ್ವಿ ಅಂತ. ಹಾಗಾಗಿ ಮಧ್ಯದ ಹೆಸರು ಸುಮ್ನೆ ಖಾನೆ ತುಂಬೋಕೆ ಬೇಡ. ನಾಳೆ ಅವಳು ಇಬ್ಬನಿ ಬೇಡ ಅಂದರೆ ಅದೊಂದರಲ್ಲೇ ಬದುಕೋ ಹಾಗಿರಬೇಕು.

ನನ್ನ ಮನಸ್ಸು ತುಂಗಾ ಮೇಲಿದೆ. ನನ್ನಜ್ಜಿ ತುಂಗಮ್ಮನ ಹೆಸರು ಮನೆಯಲ್ಲಿ ಯಾರಿಗೂ ಇಟ್ಟಿಲ್ಲ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ನಮ್ಮ ಗಂಗಾಮೂಲದಲ್ಲೇ. ನೇತ್ರಾವತಿ ಘಟ್ಟ ಇಳಿದು ಮಂಗಳೂರಿನ ಕಡಲು ಸೇರುತ್ತಾಳೆ, ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ ಬಯಲುಸೀಮೆಗೆ ನೀರುಣಿಸಿಕೊಂಡು ಹೋಗುತ್ತಾಳೆ. ಗಂಗಾ ಸ್ನಾನ, ತುಂಗಾ ಪಾನ ಅಂತ ಗಾದೆಯೇ ಇದೆಯಲ್ಲ. ಶೃಂಗೇರಿಯ ಮೆಟ್ಟಿಲ ಮೇಲೆ ಕೂತು ನೀನು ಮಂಡಕ್ಕಿ ಎಸೆದಾಗ ಮೀನು ನೀರೇ ಕಾಣದ ಹಾಗೆ ಮುತ್ತಿಕೊಂಡಿದ್ದವು. ಪೊಟ್ಟಣ ಖಾಲಿಯಾದ ಮೇಲೂ ನೀನು ಎದ್ದು ಬರಲಿಲ್ಲ.

ಎರಡೂ ನೀರೇ ಅಲ್ವಾ ಅನ್ನಬೇಡ. ಒಂದು ಬೆಳಗ್ಗೆ ಬಂದು ಹೋಗುತ್ತದೆ, ಇನ್ನೊಂದು ಬೇಸಿಗೆಯಲ್ಲೂ ಹರಿಯುತ್ತದೆ. ನಿಮ್ಮಪ್ಪನ ತಕರಾರಿಗೂ ಉತ್ತರ ಆಯಿತು.

ಮಧ್ಯಕ್ಕೆ ಅಪ್ಪನ ಹೆಸರು ಹಾಕಿ ಅಂತ ನಿಮ್ಮತ್ತೆ ಹೇಳಿದರಂತೆ. ಅದು ಕೊನೆಯಲ್ಲಿ ಇದ್ದೇ ಇದೆ, ಮತ್ತೆ ಯಾಕೆ? ನಿನ್ನದೇ ನೋಡು, ಇನಿಷಿಯಲ್ ಬಿಡಿಸಿ ಬರೆದಿದ್ದಕ್ಕೆ ಆಫೀಸಿನಲ್ಲಿ ನಿನ್ನನ್ನು ನಿಮ್ಮಪ್ಪನ ಹೆಸರಿನಿಂದ ಕರೆಯುತ್ತಾರೆ. ಕುವೆಂಪು 1904ರಲ್ಲಿ ಹುಟ್ಟಿದ್ದು ನಮ್ಮ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಹೆಸರಿನಲ್ಲಿ ಉಳಿದದ್ದು ಅಪ್ಪನ ಊರು ಕುಪ್ಪಳಿ, ಅಪ್ಪ ವೆಂಕಟಪ್ಪ. ಅಮ್ಮನ ಕಡೆಯದೂ ಒಂದು ಇರಲಿ ಅಂತ ನನ್ನಾಸೆ. ಆದರೆ ಮಗು ನಿಮ್ಮದು, ಅಳಿಯಂದಿರಿಗೂ ಒಪ್ಪಿಗೆಯಾಗಬೇಕು.

ಯಾವುದೇ ಇಟ್ಟರೂ ಎಲ್ಲ ಕಾಗದದಲ್ಲೂ ಒಂದೇ ಸ್ಪೆಲಿಂಗ್ ಇರಲಿ. ಇಬ್ಬನಿಗೆ ಎರಡು ಬಿ ಹಾಕು, ಒಂದೇ ಹಾಕಿದರೆ ಅಲ್ಲಿಯವರು ಐಬನಿ ಅಂದುಬಿಡುತ್ತಾರೆ. ಒಂದಕ್ಷರ ಹೆಚ್ಚುಕಮ್ಮಿಯಾದರೂ ಆಮೇಲೆ ಅಫಿಡವಿಟ್ ಅಂತ ಓಡಾಡಬೇಕು.

ನಿಮ್ಮತ್ತೆಗೆ ನೀನೇ ಫೋನ್ ಮಾಡಿ ಹೇಳು, ನನ್ನ ಸುದ್ದಿ ಎತ್ತಬೇಡ. ಬಾಣಂತನಕ್ಕೆ ಬರುವಾಗ ಏನೇನು ತರಲಿ ಅಂತ ಬರೆದು ಕಳಿಸು. ಕಾಳುಮೆಣಸು, ಒಣಶುಂಠಿ ಆಗಲೇ ಕಟ್ಟಿಟ್ಟಿದ್ದೇನೆ.

ನಿನ್ನ ಅಮ್ಮ