ಬೇಟೆಯ ಕತೆಗೆ ಬೀಗ ಬೇಡ

ಮಾನ್ಯರೆ,

ಬೇಟೆಗಾರರನ್ನು ಕ್ರೂರಿಗಳಂತೆ ಚಿತ್ರಿಸುವ ಮಕ್ಕಳ ಪುಸ್ತಕಗಳನ್ನು ವಾಚನಾಲಯದಲ್ಲಿ ಇಡಬಾರದೆಂಬ ಮಾತು ಮುಂಬಯಿ ಕನ್ನಡಿಗರ ನಡುವೆಯೂ ಕೇಳಿಬರುತ್ತಿದೆ. ಬೇಸರ ಅರ್ಥವಾಗುತ್ತದೆ. ಕೊಡಗು, ಮಲೆನಾಡಿನಿಂದ ಬಂದವರ ಮನೆಗಳಲ್ಲಿ ಅಜ್ಜನ ಕೋವಿಯ ಕತೆ ಹೆಮ್ಮೆಯದು. ಪುಸ್ತಕ ಓದಿದ ಮಗು 'ಮುತ್ತಜ್ಜ ಕೆಟ್ಟವರಾ?' ಎಂದರೆ ಮುಜುಗರವೇ. ಆದರೆ ಉತ್ತರ ಹೇಳಬೇಕಾದವರು ಮನೆಯವರು, ಗ್ರಂಥಪಾಲಕರಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, ವನ್ಯಪ್ರಾಣಿಗಳ ಬೇಟೆ ಅಪರಾಧ. ಕಾನೂನು ತಡೆದದ್ದನ್ನು ಕತೆ ಟೀಕಿಸಬಾರದೆ? ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಚಿರತೆಗಳು ನಮ್ಮ ಕಟ್ಟಡಗಳ ಬೆನ್ನಿಗೇ ಬದುಕುತ್ತಿವೆ. ಆಸುಪಾಸಿನ ವಾರ್ಲಿ ಬುಡಕಟ್ಟಿನ ಜನ ಹುಲಿ-ಚಿರತೆಯ ರೂಪದ ದೇವರಾದ ವಾಘೋಬನನ್ನು ಪೂಜಿಸುತ್ತಾರೆ. ಇಲ್ಲಿನ ಮಕ್ಕಳಿಗೆ ಈ ಚರ್ಚೆ ದೂರದ್ದೇನಲ್ಲ.

ಕೆಲವು ಪುಸ್ತಕಗಳು ಒರಟು, ನಿಜ. ಹೊಟ್ಟೆಪಾಡಿಗೆ ಮೊಲ ಹಿಡಿದವನನ್ನೂ ಷೋಕಿಗೆ ಹುಲಿ ಹೊಡೆದ ಮಹಾರಾಜನನ್ನೂ ಒಂದೇ ತಕ್ಕಡಿಗೆ ಹಾಕುತ್ತವೆ. ಹಾಗಿದ್ದರೆ ಪಕ್ಕದಲ್ಲೇ ಜಿಮ್ ಕಾರ್ಬೆಟ್ ಬಗೆಗಿನ ಪುಸ್ತಕವನ್ನೂ ಇಡಲಿ. ನರಭಕ್ಷಕಗಳನ್ನು ಕೊಂದ ಆತನ ಹೆಸರಲ್ಲೇ ಇಂದು ಹುಲಿಗಳ ರಾಷ್ಟ್ರೀಯ ಉದ್ಯಾನವಿದೆ! ರಕ್ತಪಾತದ ಚಿತ್ರಗಳು ಹೆಚ್ಚಿದ್ದರೆ ದೊಡ್ಡ ಮಕ್ಕಳ ಕಪಾಟಿಗೆ ಸರಿಸಲಿ, ಅಷ್ಟು ಸಾಕು.

– ಓರ್ವ ಓದುಗ, ಬೋರಿವಲಿ, ಮುಂಬಯಿ