ನಾಮಕರಣದ ವರ್ಷದ ಉಳಿದ ಪುಟಗಳು

ಮಾನ್ಯ ಸಂಪಾದಕರೇ,

ನವೆಂಬರ್ ಹತ್ತಿರವಾದಂತೆ ಪತ್ರಿಕೆಗಳಲ್ಲಿ 1973ರ ಪ್ರಸ್ತಾಪ ತಪ್ಪದೆ ಬರುತ್ತದೆ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು, ಮುಖ್ಯಮಂತ್ರಿ ದೇವರಾಜ ಅರಸು ಅವರ ಭಾವಚಿತ್ರ, ಹಂಪಿಯ ಸಂಭ್ರಮ, ಇಷ್ಟರಲ್ಲಿ ಆ ವರ್ಷದ ಕಥೆ ಮುಗಿದುಹೋಗುತ್ತದೆ. 2023ರಲ್ಲಿ ನಾಮಕರಣದ ಸುವರ್ಣ ಮಹೋತ್ಸವ ನಡೆದಾಗಲೂ ನಾನು ಓದಿದ ಪುರವಣಿಗಳಲ್ಲಿ ಇದಕ್ಕಿಂತ ಹೆಚ್ಚಿನದು ಕಾಣಲಿಲ್ಲ. ಹೆಸರು ಬಂದ ಮೂರು ವಾರದೊಳಗೆ ಕನ್ನಡ ಸಾಹಿತ್ಯ ಯಾರದು ಎಂಬ ಜಗಳ ಬೀದಿಗೆ ಬಂದಿತ್ತು. ಉಳುವ ನೆಲ ಯಾರದು ಎಂಬ ಪ್ರಶ್ನೆ ಅದೇ ವರ್ಷ ಶಾಸನಸಭೆಯ ಮುಂದಿತ್ತು. ಈ ಮೂರನ್ನೂ ಒಟ್ಟಿಗೆ ಇಟ್ಟು ಓದದಿದ್ದರೆ ನಾಮಕರಣದ ಅರ್ಥವೂ ಪೂರ್ತಿಯಾಗಿ ತಿಳಿಯದು ಎಂಬುದು ನನ್ನ ಅಭಿಪ್ರಾಯ.

ಹೆಸರಿನ ವಿಷಯ ಎಲ್ಲರಿಗೂ ಗೊತ್ತಿರುವುದೇ. 1956ರ ನವೆಂಬರ್ 1ರಂದು ಮುಂಬೈ, ಹೈದರಾಬಾದ್, ಮದ್ರಾಸ್ ಆಡಳಿತಗಳಲ್ಲಿದ್ದ ಕನ್ನಡ ಪ್ರದೇಶಗಳೂ ಕೊಡಗೂ ಹಳೆಯ ಮೈಸೂರಿನೊಂದಿಗೆ ಸೇರಿದರೂ ಒಟ್ಟು ರಾಜ್ಯ ಮೈಸೂರೆಂದೇ ಕರೆಸಿಕೊಂಡಿತು. ಧಾರವಾಡದವರಿಗೂ ಕಲಬುರ್ಗಿಯವರಿಗೂ ಇದು ಹದಿನೇಳು ವರ್ಷ ಚುಚ್ಚುತ್ತಲೇ ಇತ್ತು. 1972ರ ಜುಲೈನಲ್ಲಿ ವಿಧಾನಸಭೆ ನಿರ್ಣಯ ಅಂಗೀಕರಿಸಿತು, ಮರುವರ್ಷ ಸಂಸತ್ತು ಕಾಯಿದೆ ಮಾಡಿತು, 1973ರ ನವೆಂಬರ್ 1ರಂದು ಹೊಸ ಹೆಸರು ಜಾರಿಗೆ ಬಂತು.

ಭೂಸುಧಾರಣೆಯ ವಿಷಯ ಹೀಗೆ ಎರಡು ಮಾತಿನಲ್ಲಿ ಮುಗಿಯುವಂಥದ್ದಲ್ಲ. 1961ರ ಭೂಸುಧಾರಣಾ ಕಾಯಿದೆಗೆ ಅರಸು ಸರ್ಕಾರ ತಂದ ತಿದ್ದುಪಡಿ 1974ರ 1ನೇ ಅಧಿನಿಯಮವಾಗಿ ಆ ವರ್ಷದ ಮಾರ್ಚ್ 1ರಂದು ಜಾರಿಗೆ ಬಂತು. ಅಂದರೆ ಹೊಸ ಹೆಸರು ಹೊತ್ತ ರಾಜ್ಯ ಆ ವರ್ಷ ಮಾಡಿದ ಮೊದಲ ಕಾನೂನೇ ಗೇಣಿ ಪದ್ಧತಿಯನ್ನು, ಅಂದರೆ ಒಡೆಯರ ಜಮೀನನ್ನು ಬಾಡಿಗೆ ಕೊಟ್ಟು ಉಳುವ ಏರ್ಪಾಡನ್ನು, ತೆಗೆದುಹಾಕುವ ಕಾನೂನು. ಗೇಣಿಗೆ ಕೊಟ್ಟ ಜಮೀನು ಸರ್ಕಾರಕ್ಕೆ ಸೇರಿತು, ಉಳುತ್ತಿದ್ದವನು ಅದನ್ನು ತನ್ನ ಹೆಸರಿಗೆ ಪಡೆಯಲು 7ನೇ ನಮೂನೆಯಲ್ಲಿ ಅರ್ಜಿ ಹಾಕಿಕೊಳ್ಳಬೇಕಾಯಿತು. ಕರಾವಳಿಯಲ್ಲಿ ಇಂದಿಗೂ ಹಿರಿಯರು ಇದನ್ನು ‘ಡಿಕ್ಲರೇಶನ್ ಕೊಟ್ಟದ್ದು’ ಎಂದೇ ಹೇಳುತ್ತಾರೆ. ಅಂದು ಆ ಅರ್ಜಿ ಹಾಕುವುದಕ್ಕೆ ಎಷ್ಟು ಧೈರ್ಯ ಬೇಕಿತ್ತೆಂಬುದನ್ನು ಈಗಿನವರು ಊಹಿಸಲಾರರು. ಚಾಲಗೇಣಿಯವನ (ಶಾಶ್ವತ ಹಕ್ಕಿಲ್ಲದ ಗೇಣಿದಾರನ) ಕೈಯಲ್ಲಿ ಗೇಣಿ ಅಳೆದುಕೊಟ್ಟದ್ದಕ್ಕೆ ಚೀಟಿ ಇರುತ್ತಿದ್ದುದು ಅಪರೂಪ; ಪಹಣಿಯ ಸಾಗುವಳಿದಾರನ ಕಾಲಮಿನಲ್ಲಿ ಒಡೆಯರ ಹೆಸರೇ ಇದ್ದರೆ, ನೆರೆಯ ಗದ್ದೆಯವನು ಒಡೆಯರ ಎದುರಿಗೆ ನಿಂತು ಸಾಕ್ಷಿ ಹೇಳಿದರಷ್ಟೇ ಅವನಿಗೆ ಗತಿ. ಇದನ್ನು ಅರಿತೇ ಕಾನೂನು ಮಾಡಿದವರು ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಳಿ ರಚಿಸಿ, ವಕೀಲರು ಅಲ್ಲಿ ವಾದಿಸುವಂತಿಲ್ಲವೆಂದು ವಿಧಿಸಿದರು. ಸದಸ್ಯರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಒಬ್ಬರಾದರೂ ಇರಬೇಕೆಂದರು. ಗೇಣಿಯನ್ನೇ ನಂಬಿದ್ದ ಸಣ್ಣ ಒಡೆಯರೂ ವಿಧವೆಯರೂ ಕಷ್ಟಕ್ಕೆ ಸಿಲುಕಿದ್ದುಂಟು, ಅದನ್ನು ಮುಚ್ಚಿಡಬೇಕಾಗಿಲ್ಲ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಗೇಣಿಗೆ ಜಮೀನು ಮಾಡುವ ಯೋಗವೂ ಇಲ್ಲದೆ ಬರಿಯ ಕೂಲಿಗೆ ದುಡಿಯುತ್ತಿದ್ದವರ ಪೈಕಿ ಬಹುಪಾಲು ದಲಿತ ಕುಟುಂಬಗಳಿಗೆ ಅರ್ಜಿ ಹಾಕಲು ಆಧಾರವೇ ಇರಲಿಲ್ಲ. ಇದೇ ತಿದ್ದುಪಡಿಯಿಂದ ಬಂದ 79ಎ ಮತ್ತು 79ಬಿ ಕಲಮುಗಳು, ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳುವುದನ್ನು ಕಟ್ಟಿಹಾಕಿದವು, 2020ರಲ್ಲಿ ರದ್ದಾದಾಗ ಅವು ಹುಟ್ಟಿದ ಸಂದರ್ಭ ಯಾವುದೆಂದು ಕೇಳಿದವರು ಕೆಲವರೇ.

ಇನ್ನು ಬೂಸಾ ಪ್ರಕರಣ. 1973ರ ನವೆಂಬರ್ 19ರಂದು ಮೈಸೂರಿನ ವಿಚಾರ ಸಂಕಿರಣವೊಂದರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ (ದನಗಳಿಗೆ ಹಾಕುವ ಹೊಟ್ಟು) ಎಂಬರ್ಥದ ಮಾತನ್ನಾಡಿದರು. ರಾಜ್ಯಕ್ಕೆ ಹೆಸರು ಬಂದು ಹದಿನೆಂಟು ದಿನವಾಗಿತ್ತು, ಕಟ್ಟಿದ ತೋರಣಗಳಿನ್ನೂ ಬಾಡಿರಲಿಲ್ಲ ಎನ್ನಬೇಕು. ಮೈಸೂರು, ಬೆಂಗಳೂರುಗಳಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಕೋಪ ಸಚಿವರ ಮಾತಿನ ಮೇಲೆ ನಿಲ್ಲದೆ ದಲಿತ ವಿದ್ಯಾರ್ಥಿಗಳ ಮೇಲೂ ಅವರ ಹಾಸ್ಟೆಲುಗಳ ಮೇಲೂ ತಿರುಗಿತು. ಕಡೆಗೆ ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟ ಪೌರಾಡಳಿತ ಸಚಿವರೂ ಇವರೇ ಎಂಬುದು ಆ ಗದ್ದಲದಲ್ಲಿ ಯಾರಿಗೂ ನೆನಪಾಗಲಿಲ್ಲ. ಮಾತು ಒರಟಾಗಿತ್ತೆಂದು ನಾನೂ ಒಪ್ಪುತ್ತೇನೆ. ಆದರೆ ಸಾಹಿತ್ಯ ವಿಮರ್ಶೆಯಿಂದಲೇ ಉತ್ತರ ಕೊಡಬಹುದಾಗಿದ್ದ ಮಾತಿಗೆ ಹಾಸ್ಟೆಲಿನ ಹುಡುಗರು ಪೆಟ್ಟು ತಿನ್ನಬೇಕಾದದ್ದು ಏಕೆಂಬ ಪ್ರಶ್ನೆಗೆ ಭಾಷಾಭಿಮಾನವೊಂದೇ ಉತ್ತರವಾಗಲಾರದು. ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಅವರಂಥ ತರುಣರನ್ನೂ ಪ್ರೊ. ಬಿ. ಕೃಷ್ಣಪ್ಪನವರನ್ನೂ ಒಂದೆಡೆ ತಂದ ದಲಿತ ಸಂಘರ್ಷ ಸಮಿತಿಯ ಬೇರು ಈ ದಿನಗಳಲ್ಲಿದೆ. ಬೂಸಾ ಎನಿಸಿಕೊಂಡ ಸಾಹಿತ್ಯದಿಂದ ಮುಂದಿನ ದಶಕದಲ್ಲಿ ಕನ್ನಡ ಕಂಡ ಹೊಸ ಬರಹಕ್ಕೆ ಹೋಗುವ ದಾರಿ ಈ ಗಲಭೆಯ ನಡುವಿನಿಂದಲೇ ಹಾದುಹೋಗುತ್ತದೆ. 1973ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ದ.ರಾ. ಬೇಂದ್ರೆಯವರಿಗೆ ಸಂದದ್ದನ್ನೂ ಇದರ ಪಕ್ಕದಲ್ಲಿಟ್ಟು ನೋಡಿದರೆ ಆ ವರ್ಷದ ಕನ್ನಡ ಲೋಕ ಎಷ್ಟು ಎತ್ತರದಲ್ಲಿತ್ತು, ಎಷ್ಟು ಬಿರುಕು ಬಿಟ್ಟಿತ್ತು ಎರಡೂ ತಿಳಿಯುತ್ತದೆ.



ನನ್ನ ಕೋರಿಕೆ ಇಷ್ಟೇ. ಮುಂದಿನ ರಾಜ್ಯೋತ್ಸವ ಪುರವಣಿಯಲ್ಲಿ 1973ರ ನವೆಂಬರ್, ಡಿಸೆಂಬರ್ ತಿಂಗಳುಗಳ ವರದಿಗಳನ್ನೂ ಅಂದಿನ ವಾಚಕರ ಪತ್ರಗಳನ್ನೂ ಸಂಪಾದಕೀಯಗಳನ್ನೂ, ಇಂದು ಓದಲು ಮುಜುಗರವಾಗುವಂಥವನ್ನೂ ಬಿಡದೆ, ಮರುಮುದ್ರಿಸಬೇಕು. ಅಂದು ಹಾಸ್ಟೆಲುಗಳಲ್ಲಿದ್ದವರು, ಮೆರವಣಿಗೆಯಲ್ಲಿ ಘೋಷಣೆ ಕೂಗಿದವರು, ನ್ಯಾಯಮಂಡಳಿಯ ಮುಂದೆ ನಿಂತ ಗೇಣಿದಾರರು ಮತ್ತು ಜಮೀನು ಕಳೆದುಕೊಂಡ ಮನೆಗಳವರು ಈಗ ಎಪ್ಪತ್ತು ದಾಟಿದ್ದಾರೆ; ಅವರಿಂದ ಬರೆಸುವುದಿದ್ದರೆ ಈಗಲೇ ಬರೆಸಬೇಕು. ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿ ಉಳಿದಿರುವ ನ್ಯಾಯಮಂಡಳಿಯ ಕಡತಗಳು ಗೆದ್ದಲಿನ ಪಾಲಾಗುವ ಮೊದಲು ಅವನ್ನು ರಾಜ್ಯ ಪತ್ರಾಗಾರ ಇಲಾಖೆಯ ವಶಕ್ಕೆ ಕೊಡಬೇಕೆಂದು ನಿಮ್ಮ ಪತ್ರಿಕೆ ಸರ್ಕಾರವನ್ನು ಒತ್ತಾಯಿಸಲಿ.

ಇಂತಿ,
ಓದುಗ, ಹುಣಸೂರು