ಸಿನಿಮಾಕ್ಕಿಂತ ಮೊದಲೇ ಬಂದ ಸಿಟ್ಟು

ಪ್ರೀತಿಯ ತಂಗಿ,

ನಿನ್ನ ಲೇಖನ ಓದಿದೆ. ವಿಷಯ ಒಳ್ಳೆಯದನ್ನೇ ಆರಿಸಿಕೊಂಡಿದ್ದೀಯ. ಯೇಸುವಿನ ಕೊನೆಯ ಗಂಟೆಗಳ ಸಿನಿಮಾ 'ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್' ಬಂದು ಇಪ್ಪತ್ತು ವರ್ಷ ದಾಟಿದೆ. ಅದರ ನಿರ್ದೇಶಕ ಮೆಲ್ ಗಿಬ್ಸನ್ ಈಗ ಅದರ ಮುಂದಿನ ಕಥೆಗೆ ಕೈ ಹಾಕಿದ್ದಾರೆ. 2004ರಲ್ಲಿ ಅವರು ಕೊಟ್ಟ ಆ ಟೀವಿ ಸಂದರ್ಶನವನ್ನು, ಸಿನಿಮಾ ಯಹೂದಿ ದ್ವೇಷ ಹುಟ್ಟಿಸುತ್ತದೆಯೇ ಅಂತ ಎದ್ದ ಗಲಾಟೆಯನ್ನು ಮತ್ತೊಮ್ಮೆ ತೆಗೆದು ನೋಡಬೇಕು ಅಂತ ನಿನಗೆ ಅನ್ನಿಸಿದ್ದು ಸರಿಯೇ. ಬರವಣಿಗೆಯೂ ಚುರುಕಾಗಿದೆ. ಆದರೆ ಇಡೀ ಲೇಖನ ನಿಂತಿರುವುದು ಒಂದು ಸಾಲಿನ ಮೇಲೆ: 'ಸಂದರ್ಶನಕ್ಕೆ ಪರ-ವಿರೋಧ ಪ್ರತಿಕ್ರಿಯೆಗಳು ಬಂದವು.' ಬರದೆ ಇನ್ನೇನು? ಪರ-ವಿರೋಧ ಬಾರದ ಸಂದರ್ಶನ ಯಾವುದಿದೆ ಹೇಳು. ರಾತ್ರಿ ಪುಟ ಮುಗಿಸುವ ಅವಸರದಲ್ಲಿ ಪತ್ರಿಕೆಯವರು ಬರೆಯುವ ಸಾಲು ಅದು. ನಿನಗೆ ಆ ಅವಸರ ಇಲ್ಲವಲ್ಲ.

ನಾನು ಕೇಳುವುದು ಒಂದೇ ಪ್ರಶ್ನೆ. ನೀನು ಹೆಸರಿಸಿರುವ ಒಬ್ಬೊಬ್ಬರೂ ಬಾಯಿ ತೆರೆಯುವ ಹೊತ್ತಿಗೆ ಏನನ್ನು ನೋಡಿದ್ದರು?

ತಾರೀಕು ನೋಡು. ಪತ್ರಕರ್ತೆ ಡಯಾನ್ ಸಾಯರ್ ಮಾಡಿದ ಸಂದರ್ಶನ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಪ್ರಸಾರವಾದದ್ದು 2004ರ ಫೆಬ್ರವರಿ 16ರಂದು. ಸಿನಿಮಾ ಥಿಯೇಟರಿಗೆ ಬಂದದ್ದು ಫೆಬ್ರವರಿ 25ರಂದು, ವಿಭೂತಿ ಬುಧವಾರ. ನಡುವೆ ಒಂಬತ್ತು ದಿನ. ಸಂದರ್ಶನದ ಮರುದಿನ ಆಫೀಸಿನಲ್ಲಿ, ಚರ್ಚಿನ ಅಂಗಳದಲ್ಲಿ, ರೇಡಿಯೋದಲ್ಲಿ ವಾದಕ್ಕಿಳಿದ ಜನರಲ್ಲಿ ಹೆಚ್ಚಿನವರು ಸಿನಿಮಾ ನೋಡೇ ಇರಲಿಲ್ಲ. ಒಂದಿಷ್ಟು ತುಣುಕು ನೋಡಿದ್ದರು, ಒಬ್ಬ ನಟನ ಮುಖ ನೋಡಿದ್ದರು. ಅಷ್ಟೇ. ಅವರು ಮೆಚ್ಚಿದ್ದೂ ಬೈದದ್ದೂ ಆ ಮುಖವನ್ನು. ನಿನ್ನ ಲೇಖನದಲ್ಲಿ ಫೆಬ್ರವರಿ 17ರ ಮಾತು, ಮಾರ್ಚ್ ತಿಂಗಳ ಮಾತು ಎರಡೂ ಒಂದೇ ಪ್ಯಾರಾದಲ್ಲಿ ಅಕ್ಕಪಕ್ಕ ಕೂತಿವೆ. ಬೇರೆ ಮಾಡು.

ನೋಡದವರು ಹೀಗೆ. ನೋಡಿದವರೂ ಒಂದೇ ಥರ ಇರಲಿಲ್ಲ. ಗಿಬ್ಸನ್ ತಿಂಗಳುಗಟ್ಟಲೆ ಮೊದಲಿಂದಲೇ ಪಾಸ್ಟರುಗಳನ್ನು, ಪಾದ್ರಿಗಳನ್ನು ಕರೆದು ಖಾಸಗಿಯಾಗಿ ತೋರಿಸುತ್ತಿದ್ದರು. ಅಮೆರಿಕದ ಯಹೂದಿ ಸಂಘಟನೆ ಎಡಿಎಲ್‌ನ ಆಗಿನ ಮುಖ್ಯಸ್ಥ ಏಬ್ರಹಾಂ ಫಾಕ್ಸ್‌ಮನ್ ಅಂಥದ್ದೇ ಒಂದು ಪಾಸ್ಟರುಗಳ ಸಭೆಗೆ ಹೋಗಿ, ಜನವರಿಯಲ್ಲಿ ಫ್ಲಾರಿಡಾದಲ್ಲಿ ಸಿನಿಮಾ ನೋಡಿದ್ದರು. ನೀನು ಅವರನ್ನು 'ನೋಡದೆ ವಿರೋಧಿಸಿದವರ' ಗುಂಪಿಗೆ ಸೇರಿಸಿಬಿಟ್ಟಿದ್ದೀಯ, ಅದು ಅನ್ಯಾಯ. ಇನ್ನು 2003ರಲ್ಲಿ ಕ್ಯಾಥೊಲಿಕ್ ಮತ್ತು ಯಹೂದಿ ವಿದ್ವಾಂಸರ ಒಂದು ಗುಂಪು ಚಿತ್ರಕಥೆಯ ಕರಡು ಓದಿ ಆಕ್ಷೇಪ ಬರೆದಿತ್ತು. ಆ ಪ್ರತಿ ಕದ್ದದ್ದು ಅಂತ ಗಿಬ್ಸನ್ ಕಂಪನಿ ಹರಿಹಾಯ್ದಿತ್ತು. ಇವರ ಆಕ್ಷೇಪ ಕಾಗದದ ಮೇಲಿನ ಸಾಲುಗಳಿಗೆ, ತೆರೆಗೆ ಅಲ್ಲ.

ನೋಡದೆ ಮಾತಾಡುವುದು ಎಷ್ಟು ದುಬಾರಿ ಅನ್ನುವುದಕ್ಕೆ ಇಂಗ್ಲೆಂಡಿನ ಒಂದು ರಾತ್ರಿ ಸಾಕು. 1979ರ ನವೆಂಬರ್ 9. ಮಾಂಟಿ ಪೈಥಾನ್ ಹಾಸ್ಯ ತಂಡದ 'ಲೈಫ್ ಆಫ್ ಬ್ರಯಾನ್' ಬಗ್ಗೆ ಬಿಬಿಸಿಯಲ್ಲಿ ಚರ್ಚೆ. ಯೇಸುವಿನ ಕಾಲದ ಬ್ರಯಾನ್ ಅನ್ನುವವನನ್ನು ಜನ ಉದ್ಧಾರಕ ಅಂದುಕೊಳ್ಳುವ ತಮಾಷೆ ಸಿನಿಮಾ ಅದು. ಒಂದು ಕಡೆ ನಟರಾದ ಜಾನ್ ಕ್ಲೀಸ್, ಮೈಕೆಲ್ ಪೇಲಿನ್. ಇನ್ನೊಂದು ಕಡೆ ಪತ್ರಕರ್ತ ಮಾಲ್ಕಮ್ ಮಗರಿಜ್, ಜೊತೆಗೆ ಸದರ್ಕ್‌ನ ಬಿಷಪ್ ಮರ್ವಿನ್ ಸ್ಟಾಕ್‌ವುಡ್. ಬಿಷಪ್ ನಿಲುವಂಗಿ ತೊಟ್ಟು, ಎದೆಯ ಮೇಲೆ ದೊಡ್ಡ ಶಿಲುಬೆ ಹಾಕಿಕೊಂಡು ಕೂತಿದ್ದರು. ಕೊನೆಯಲ್ಲಿ ಅವರು ಎದುರಿನವರಿಗೆ, ನಿಮಗೆ ಮೂವತ್ತು ಬೆಳ್ಳಿ ನಾಣ್ಯ ಸಿಗುತ್ತದೆ ಬಿಡಿ ಅನ್ನುವ ಅರ್ಥದಲ್ಲಿ ಚುಚ್ಚಿದರು. ಯೇಸುವನ್ನು ಹಿಡಿದುಕೊಡಲು ಅವರ ಶಿಷ್ಯ ಯೂದನಿಗೆ ಸಿಕ್ಕಿದ್ದ ಹಣ ಅದು. ವಿಷಯ ಏನಪ್ಪಾ ಅಂದರೆ, ಮಗರಿಜ್ ಮತ್ತು ಬಿಷಪ್ ಸಿನಿಮಾ ನೋಡಲು ತಡವಾಗಿ ಬಂದು ಮೊದಲ ಕಾಲು ಗಂಟೆ ತಪ್ಪಿಸಿಕೊಂಡಿದ್ದರು. ಬ್ರಯಾನ್ ಬೇರೆ, ಯೇಸು ಬೇರೆ ಅಂತ ತೋರಿಸುವುದು ಆ ಮೊದಲ ಕಾಲು ಗಂಟೆಯಲ್ಲೇ! ಅವತ್ತು ಸಭಿಕರು ನಟರ ಪರವಾಗಿದ್ದರು. ಹಾಗಂತ ಭಕ್ತರ ನೋವೆಲ್ಲ ಸುಳ್ಳು ಅಂತ ಬರೆಯಬೇಡ. ಹಲವು ಊರುಗಳ ಕೌನ್ಸಿಲ್‌ಗಳು ಆ ಸಿನಿಮಾಕ್ಕೆ ಬಾಗಿಲು ಹಾಕಿದವು, ನಾರ್ವೆ ನಿಷೇಧಿಸಿತು. ಪಕ್ಕದ ಸ್ವೀಡನ್‌ನವರು 'ನಾರ್ವೆಯಲ್ಲಿ ನಿಷೇಧ ಆಗುವಷ್ಟು ತಮಾಷೆಯಾಗಿದೆ' ಅಂತ ಅದನ್ನೇ ಜಾಹೀರಾತು ಮಾಡಿಕೊಂಡರು.

ಗಿಬ್ಸನ್ ಕಥೆಗೆ ಬರೋಣ. ಕನ್ನಡದ ಓದುಗರಿಗೆ ಇಲ್ಲೊಂದು ತೊಡಕಿದೆ. ಯಹೂದಿಗಳು ಯಾಕೆ ಅಷ್ಟು ಹೆದರಿದರು ಅನ್ನುವುದು ಗೊತ್ತಿಲ್ಲದಿದ್ದರೆ ಸಾಯರ್ ಕೇಳಿದ ಪ್ರಶ್ನೆಗಳೆಲ್ಲ ಸುಮ್ನೆ ಕಾಲು ಕೆರೆದು ಜಗಳ ತೆಗೆದ ಹಾಗೆ ಕಾಣುತ್ತವೆ. ನಿನ್ನ ಲೇಖನದಲ್ಲೂ ಹಾಗೇ ಕಂಡಿದೆ. ಯೂರೋಪಿನಲ್ಲಿ ಯೇಸುವಿನ ಪಾಡುಗಳನ್ನು ಆಡಿ ತೋರಿಸುವ ನಾಟಕಗಳು ಶತಮಾನಗಳಿಂದ ಇವೆ. ಯೇಸುವನ್ನು ಕೊಂದವರು ಯಹೂದಿಗಳು, ಆ ಪಾಪ ಅವರ ಮಕ್ಕಳು ಮರಿಮಕ್ಕಳ ಮೇಲೂ ಇದೆ ಅನ್ನುವ ಮಾತು ಆ ನಾಟಕಗಳ ಜೊತೆ ಊರೂರು ಸುತ್ತಿತು, ಎಷ್ಟೋ ಕಡೆ ಯಹೂದಿಗಳ ಮೇಲೆ ಹಲ್ಲೆಗಳಾದವು. ಜರ್ಮನಿಯ ಓಬರಮರ್‌ಗೌ ಊರಿನಲ್ಲಿ 1634ರಿಂದ ಇಂಥ ನಾಟಕ ನಡೆಯುತ್ತಿದೆ. 1934ರಲ್ಲಿ ಅದನ್ನು ಹಿಟ್ಲರ್ ಹೋಗಿ ನೋಡಿದ್ದ. ಯೇಸುವಿನ ಸಾವಿಗೆ ಎಲ್ಲ ಯಹೂದಿಗಳನ್ನು, ಅದರಲ್ಲೂ ಇಂದಿನವರನ್ನು ಹೊಣೆ ಮಾಡುವಂತಿಲ್ಲ ಅಂತ ಕ್ಯಾಥೊಲಿಕ್ ಚರ್ಚಿನ ವ್ಯಾಟಿಕನ್ ಮಹಾಸಭೆ ಘೋಷಿಸಿದ್ದು 1965ರಲ್ಲಿ. ಗಿಬ್ಸನ್ ಇರುವುದು ಆ ಮಹಾಸಭೆಯ ಸುಧಾರಣೆಗಳನ್ನು ಒಪ್ಪದ ಸಂಪ್ರದಾಯಸ್ಥ ಕ್ಯಾಥೊಲಿಕರ ಸಾಲಿನಲ್ಲಿ. ಸಾಲದ್ದಕ್ಕೆ ಅವರ ತಂದೆ ಹಟನ್ ಗಿಬ್ಸನ್, ನಾಜಿಗಳು ನಡೆಸಿದ ಯಹೂದಿ ಹತ್ಯಾಕಾಂಡವನ್ನೇ ಅಲ್ಲಗಳೆಯುವ ಮಾತಾಡಿದ್ದರು.

ಇಷ್ಟನ್ನೂ ಲೇಖನದ ಕೊನೆಗೆ 'ಹಿನ್ನೆಲೆ' ಅಂತ ಗುಡ್ಡೆ ಹಾಕಬೇಡ. ಸಾಯರ್ ಅಪ್ಪನ ಬಗ್ಗೆ ಪ್ರಶ್ನೆ ಎತ್ತುವ ಕ್ಷಣ ಇದೆಯಲ್ಲ, ಅದಕ್ಕೆ ಒಂದೇ ಒಂದು ಪ್ಯಾರಾ ಮೊದಲು ಇಡು.

ಆ ಕ್ಷಣವನ್ನು ನೀನು ಅರ್ಧ ಸಾಲಿನಲ್ಲಿ ಮುಗಿಸಿದ್ದು ನನಗೆ ಬೇಜಾರಾಯಿತು. ಯಹೂದಿ ದ್ವೇಷ ಪಾಪ, ನಾನು ದ್ವೇಷಿಯಲ್ಲ ಅಂದರು ಗಿಬ್ಸನ್. ನಾಜಿ ಶಿಬಿರಗಳಲ್ಲಿ ನಿರಪರಾಧಿ ಯಹೂದಿಗಳು ಸತ್ತದ್ದು ನಿಜ, ಅದು ಘೋರ ಅಂತಲೂ ಸ್ಪಷ್ಟವಾಗಿ ಹೇಳಿದರು. ಅಪ್ಪನ ವಿಷಯ ಬಂದಾಗ ಮಾತ್ರ, ಅವರು ನನ್ನ ತಂದೆ, ಅದನ್ನು ಅಲ್ಲಿಗೇ ಬಿಡಿ ಅಂದುಬಿಟ್ಟರು. ಇದನ್ನು ಕೇಳಿದ ಕೆಲವರಿಗೆ ಅಪ್ಪನನ್ನು ನಾಲ್ಕು ಜನರ ಮುಂದೆ ಬಿಟ್ಟುಕೊಡದ ಮಗ ಕಂಡ. ಇನ್ನು ಕೆಲವರಿಗೆ ಜಾರಿಕೊಂಡ ಮನುಷ್ಯ ಕಂಡ. ನಮ್ಮ ಓದುಗರ ಮನಸ್ಸು ಮೊದಲನೆಯದರ ಕಡೆ ವಾಲುತ್ತದೆ, ನೋಡ್ತಾ ಇರು. ನನ್ನ ಮನಸ್ಸೂ ವಾಲಿತು. ಆದರೂ ಎರಡನೆಯವರ ಸಂಕಟವನ್ನು ಅಷ್ಟೇ ಹತ್ತಿರದಿಂದ ಬರೆಯಬೇಕು. ಶಿಬಿರಗಳಲ್ಲಿ ಮನೆಮಂದಿಯನ್ನು ಕಳೆದುಕೊಂಡವರಿಗೆ 'ಅಲ್ಲಿಗೇ ಬಿಡಿ' ಅನ್ನುವುದು ಸಣ್ಣ ಮಾತಲ್ಲ.

ಅದೇ ಸಂದರ್ಶನದಲ್ಲಿ ಗಿಬ್ಸನ್ ತಮ್ಮ ಚಟಗಳ ಬಗ್ಗೆ, ಬದುಕೇ ಬೇಡ ಅನ್ನಿಸಿದ್ದ ದಿನಗಳ ಬಗ್ಗೆ, ಅಲ್ಲಿಂದ ಯೇಸುವಿನ ಗಾಯಗಳ ಧ್ಯಾನಕ್ಕೆ ಬಂದ ಬಗ್ಗೆ ಹೇಳಿಕೊಂಡರು. ಚರ್ಚಿಗೆ ಹೋಗುವವರಿಗೆ ಅದು, ದೇವರು ಬದುಕು ಬದಲಿಸಿದ್ದನ್ನು ಭಕ್ತರು ಎದ್ದು ನಿಂತು ಸಾಕ್ಷಿ ಹೇಳಿದ ಹಾಗೆ ಕೇಳಿಸಿತು. ಅವರು ಮನಸ್ಸು ಗಟ್ಟಿ ಮಾಡಿಕೊಂಡದ್ದು ಅಲ್ಲೇ ಅಂತ ನನ್ನ ಅನಿಸಿಕೆ. ಆಮೇಲೆ ಯಾರು ಏನೇ ತಕರಾರು ತೆಗೆದರೂ ತಮ್ಮಲ್ಲೊಬ್ಬನ ಮೇಲೆ ಬಿದ್ದ ಏಟಿನ ಹಾಗೆ ಅವರಿಗೆ ಕಂಡಿತು. ಯೇಸುವನ್ನು ಕೊಂದವರು ಯಾರು ಅನ್ನುವ ಪ್ರಶ್ನೆಗೆ, ನಾವೆಲ್ಲರೂ, ಅದರಲ್ಲಿ ನಾನೇ ಮೊದಲಿಗ ಅನ್ನುವ ಹಾಗೆ ಗಿಬ್ಸನ್ ಉತ್ತರಿಸಿದರು. ಇದಕ್ಕೆ ಸಿನಿಮಾದಲ್ಲೊಂದು ಗುರುತಿದೆ. ಶಿಲುಬೆಗೆ ಮೊಳೆ ಹೊಡೆಯುವ ದೃಶ್ಯದಲ್ಲಿ ಹತ್ತಿರದಿಂದ ಕಾಣುವ ಕೈ ಗಿಬ್ಸನ್ ಅವರದ್ದೇ. ಇದನ್ನು ಬರೆದರೆ ಸಾಲದು, ಇದರ ಪಕ್ಕದಲ್ಲೇ ಇನ್ನೊಂದನ್ನೂ ಇಡು. ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿ 'ಅವನ ರಕ್ತ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ' ಅಂತ ಗುಂಪು ಕೂಗುವ ಮಾತಿದೆ, ಯಹೂದಿಗಳನ್ನು ಶತಮಾನಗಳ ಕಾಲ ಕಾಡಿದ ಮಾತು. ವಿರೋಧ ಜಾಸ್ತಿ ಆದಾಗ ಅದರ ಸಬ್‌ಟೈಟಲ್ ತೆಗೆದರು. ಯೇಸುವಿನ ಕಾಲದ ಅರಮಾಯಿಕ್ ಭಾಷೆಯಲ್ಲಿ ಆಡುವ ದನಿಯನ್ನು ಮಾತ್ರ ಹಾಗೇ ಉಳಿಸಿಕೊಂಡರು. ಇದು ರಾಜಿಯೋ ಹಠವೋ, ಓದುಗರೇ ಜಗಳಾಡಲಿ.

'ಕ್ರೈಸ್ತರು ಸ್ವಾಗತಿಸಿದರು, ಯಹೂದಿಗಳು ಖಂಡಿಸಿದರು' ಅನ್ನುವ ಸಾಲನ್ನು ಹೊಡೆದುಹಾಕು. ಕರಡು ಓದಿ ಆಕ್ಷೇಪ ಎತ್ತಿದವರಲ್ಲಿ ಕ್ಯಾಥೊಲಿಕರೂ ಇದ್ದರು. ಯೇಸುವಿನ ತಾಯಿ ಮರಿಯಳ ಪಾತ್ರ ಮಾಡಿದ ಮಾಯಾ ಮಾರ್ಗನ್‌ಸ್ಟರ್ನ್ ರುಮೇನಿಯಾದ ಯಹೂದಿ ನಟಿ, ಅವರು ಸಿನಿಮಾದ ಪರ ನಿಂತರು. ವಿಮರ್ಶಕ ರೋಜರ್ ಈಬರ್ಟ್ ತಾನು ನೋಡಿದ ಸಿನಿಮಾಗಳಲ್ಲೇ ಇದು ಅತಿ ಹಿಂಸೆಯದ್ದು ಅಂದರು, ಹಾಗೆ ಅಂದೂ ನಾಲ್ಕಕ್ಕೆ ನಾಲ್ಕು ಸ್ಟಾರ್ ಕೊಟ್ಟರು. ಇವರನ್ನೆಲ್ಲ ಯಾವ ಗುಂಪಿಗೆ ಹಾಕುತ್ತೀಯ?

ಭಕ್ತರು ಆ ಹಿಂಸೆಯನ್ನು ಹೇಗೆ ತಡೆದುಕೊಂಡರು ಅಂತ ಒಂದು ಕಡೆ ಅಚ್ಚರಿಪಟ್ಟಿದ್ದೀಯ. ಇದಕ್ಕೆ ಅಮೆರಿಕದವರೆಗೆ ಹೋಗುವುದು ಬೇಡ. ಈಸ್ಟರ್‌ಗೆ ಮೊದಲಿನ ತಪಸ್ಸು ಕಾಲದಲ್ಲಿ ನಮ್ಮ ಕನ್ನಡ ಕ್ಯಾಥೊಲಿಕರು ಶಿಲುಬೆ ಹಾದಿ ಮಾಡುತ್ತಾರೆ. ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ನೆನೆಯುವ ಹದಿನಾಲ್ಕು ನಿಲ್ದಾಣ, ಒಂದೊಂದರಲ್ಲೂ ಮಂಡಿಯೂರಿ ಪ್ರಾರ್ಥನೆ. ಯೇಸು ಮೂರು ಸಲ ಬೀಳುವುದು, ವೆರೋನಿಕ ಅನ್ನುವ ಹೆಂಗಸು ಅವರ ಮುಖ ಒರೆಸುವುದು ಸುವಾರ್ತೆಗಳಲ್ಲಿಲ್ಲ, ಈ ಭಕ್ತಿಯ ಹಾದಿಯಲ್ಲಿದೆ. ಗಿಬ್ಸನ್ ಸಿನಿಮಾದಲ್ಲೂ ಇದೆ. ವರ್ಷ ವರ್ಷ ಮೊಣಕಾಲೂರಿ ನೆನೆದದ್ದನ್ನೇ ಭಕ್ತರು ತೆರೆಯ ಮೇಲೆ ಕಂಡರು. ನಿನ್ನ ಊರಿನ ಚರ್ಚಿನಲ್ಲಿ ಆ ಹಾದಿ ಮಾಡುವ ಯಾರಾದರೂ ಅಜ್ಜಿಯನ್ನು ಮಾತಾಡಿಸು. ಅರ್ಧ ಲೇಖನ ಅಲ್ಲೇ ಸಿಗುತ್ತದೆ.

ದುಡ್ಡಿನ ಲೆಕ್ಕಕ್ಕೆ ಒಂದು ಪುಟ ಬೇಡ. ಸುಮಾರು 3 ಕೋಟಿ ಡಾಲರ್ ಅನ್ನು ಗಿಬ್ಸನ್ ತಮ್ಮ ಕೈಯಿಂದ ಹಾಕಿದರು, ಪ್ರಪಂಚದಾದ್ಯಂತ 60 ಕೋಟಿ ಡಾಲರ್ ಮೀರಿ ಬಂತು. ಸಾಕು.

ಪುಟ ಉಳಿದರೆ ಸಮೀಕ್ಷೆಗಳಿಗೆ ಕೊಡು. ನೀನು ಒಂದನ್ನೇ ಹಿಡಿದುಕೊಂಡು 'ಭಯವೆಲ್ಲ ಹುಸಿಯಾಯಿತು' ಅಂತ ತೀರ್ಪು ಕೊಟ್ಟಿದ್ದೀಯ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಯಹೂದಿ ಸಂಶೋಧನಾ ಸಂಸ್ಥೆ 2004ರ ಮಾರ್ಚ್‌ನಲ್ಲಿ ಕೇಳಿದಾಗ, ಸಿನಿಮಾ ನೋಡಿದವರು, ಅದರ ಬಗ್ಗೆ ಗೊತ್ತಿದ್ದವರಲ್ಲಿ 83 ಶೇಕಡಾ ಮಂದಿ ತಮ್ಮ ಅಭಿಪ್ರಾಯವೇನೂ ಬದಲಾಗಲಿಲ್ಲ ಅಂದರು. ಇಂದಿನ ಯಹೂದಿಗಳನ್ನು ದೂರುವ ಮನಸ್ಸು ಕಡಿಮೆ ಆಯಿತು ಅಂದವರು 9 ಶೇಕಡಾ, ಜಾಸ್ತಿ ಆಯಿತು ಅಂದವರು 2 ಶೇಕಡಾದ ಆಸುಪಾಸು. ಸರಿ. ಆದರೆ ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯ ಸಮೀಕ್ಷೆಯೂ ಅದೇ ವಸಂತದಲ್ಲಿ ಬಂತು. ಕ್ರಿಸ್ತನ ಸಾವಿಗೆ ಯಹೂದಿಗಳು ಹೊಣೆ ಅಂದವರು 1997ರಲ್ಲಿ 19 ಶೇಕಡಾ ಇದ್ದರೆ 2004ರಲ್ಲಿ 26. ಸಿನಿಮಾ ನೋಡಿದವರಲ್ಲಿ 36.

ಒಂದು ಸರಿ, ಇನ್ನೊಂದು ತಪ್ಪು ಅಂತ ಹೇಳುವ ಹಾಗಿಲ್ಲ. ಕೇಳಿದ ಪ್ರಶ್ನೆ ಬೇರೆ. ಮೊದಲನೆಯದು 'ಈ ಸಿನಿಮಾ ನಿನ್ನನ್ನು ಬದಲಾಯಿಸಿತಾ' ಅಂತ ಕೇಳಿತು. ಹೌದು, ಒಂದು ಸಿನಿಮಾ ನೋಡಿ ನನ್ನ ಅಭಿಪ್ರಾಯವೇ ಬದಲಾಯಿತು ಅಂತ ಯಾರು ಒಪ್ಪುತ್ತಾರೆ? ಎರಡನೆಯದು 'ನೀನು ಏನು ನಂಬುತ್ತೀಯ' ಅಂತ ಕೇಳಿತು. ಅಲ್ಲೂ ಒಂದು ಗಂಟಿದೆ. ಮೊದಲೇ ಹಾಗೆ ನಂಬಿದ್ದವರೇ ಹೆಚ್ಚಾಗಿ ಟಿಕೆಟ್ ತೆಗೆದುಕೊಂಡಿರಬಹುದು. ಹೊಣೆ ಅಂದವರೆಲ್ಲ ಪಕ್ಕದ ಮನೆಯ ಯಹೂದಿಯನ್ನು ದ್ವೇಷಿಸುತ್ತಾರೆ ಅಂತಲೂ ಅಲ್ಲ. ಎರಡು ಸಂಖ್ಯೆಗಳನ್ನೂ ಪಕ್ಕಪಕ್ಕ ಇಟ್ಟು ಈ ಅನುಮಾನಗಳನ್ನು ಓದುಗರ ಮುಂದೆಯೇ ಪಡು. ತೀರ್ಪು ಕೊಡುವ ಆಸೆ ತಡೆದುಕೋ. ಕಷ್ಟ, ನನಗೂ ಗೊತ್ತು. ಪತ್ರಿಕೆಯವರು ತೀರ್ಪನ್ನೇ ಕೇಳುತ್ತಾರೆ.

ಕೊನೆಗೆ, 2006 ಬಿಟ್ಟುಹೋಗಿದೆ. ಆ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಮಲಿಬುದಲ್ಲಿ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದ ಗಿಬ್ಸನ್ ಪೊಲೀಸರ ಮುಂದೆ ಯಹೂದಿಗಳನ್ನು ಬಾಯಿಗೆ ಬಂದ ಹಾಗೆ ಬೈದರು, ಆಮೇಲೆ ಕ್ಷಮೆ ಕೇಳಿದರು. ಅಕ್ಟೋಬರ್‌ನಲ್ಲಿ ಮತ್ತೆ ಅದೇ ಡಯಾನ್ ಸಾಯರ್ ಮುಂದೆ ಕೂತರು. 2004ರಲ್ಲಿ ನನ್ನನ್ನು ಅಷ್ಟು ಬೈದವರಲ್ಲಿ ಒಬ್ಬರೂ ಆಮೇಲೆ ಕ್ಷಮೆ ಕೇಳಲಿಲ್ಲ, ಆ ಕಹಿ ಒಳಗೇ ಉಳಿದಿತ್ತು ಅನ್ನುವ ಧಾಟಿಯಲ್ಲಿ ಹೇಳಿಕೊಂಡರು. ಈ ಘಟನೆ ಆದ ಮೇಲೆ ಎಷ್ಟೋ ಜನ 2004ರ ಸಂದರ್ಶನವನ್ನು ಹಿಂದಕ್ಕೆ ಹೋಗಿ ಬೇರೆಯಾಗಿ ಓದಿದರು. ನೀನೂ ಅದೇ ಕನ್ನಡಕ ಹಾಕಿಕೊಂಡೇ ಬರೆದ ಹಾಗಿದೆ, ಘಟನೆಯನ್ನು ಮಾತ್ರ ಹೇಳಿಲ್ಲ. ಅದಕ್ಕೆ ಬೇರೆ ಪ್ಯಾರಾ ಮಾಡಿ, ವರ್ಷ ಹಾಕಿ, 2004ರ ಜನಕ್ಕೆ ಇದು ಗೊತ್ತಿರಲಿಲ್ಲ ಅಂತ ಒಂದು ಸಾಲು ಸೇರಿಸು.

ನಿನ್ನ ತಲೆಬರಹದಲ್ಲಿರುವ 'ಕಿಡಿ ಹೊತ್ತಿಸಿದ' ತೆಗೆದುಬಿಡು. ಸಿನಿಮಾವನ್ನು ಪೂರ್ತಿ ನೋಡಿದ್ದೀಯಾ ಇಲ್ಲವಾ ಅಂತ ನಿನ್ನ ಲೇಖನದಿಂದ ಗೊತ್ತಾಗಲಿಲ್ಲ. ನೋಡಿಲ್ಲ ಅಂದರೆ ಮೊದಲು ಅದನ್ನು ಮುಗಿಸು, ಎರಡು ಗಂಟೆ ಸ್ವಲ್ಪ ಮೀರುತ್ತದೆ. ಊಟಕ್ಕೆ ಮುಂಚೆ ಬೇಡ. ತಿದ್ದಿದ ಪ್ರತಿ ಕಳಿಸುವಾಗ ಅಜ್ಜಿ ಏನಂದರು ಅಂತಲೂ ಬರೆ.

ಪ್ರೀತಿಯಿಂದ,
ನಿನ್ನ ಅಣ್ಣ